ಬೆನ್ನು ನೆಟ್ಟಗಿಟ್ಟು ಕೂರಿಸುವ ಲೊರೇನ್

ಏಪ್ರಿಲ್ ತಿಂಗಳು, ಬೆಳಗಿನ ಆರು ಗಂಟೆ. ಅಂಗಳದ ಹುಲ್ಲಿನ ಮೇಲಿನ ಹಿಮ ಇನ್ನೂ ಕರಗಿಲ್ಲ. ಇಂಗ್ಲೆಂಡಿನ ಹಿಂಕ್ಲಿ ಊರಾಚೆ, ಹಿಂದೆ ಕಾಲುಚೀಲ ಹೆಣೆಯುತ್ತಿದ್ದ ತಗಡಿನ ಷೆಡ್ಡಿನಲ್ಲಿ ಒಂದು ಪುಟ್ಟ ಕಾರು ನಿಂತಿದೆ. ಬಾಗಿಲಿಲ್ಲ, ಸೂರಿಲ್ಲ, ಎತ್ತರ ನನ್ನ ಸೊಂಟಕ್ಕೂ ಬರುವುದಿಲ್ಲ. ಅದರೊಳಗೆ ಆರಡಿ ಐದಂಗುಲದ ಟ್ರೆವರ್ ಗಾಂಟ್ ಕಸದ ಚೀಲಗಳನ್ನು ಮೈಗೆ ಸುತ್ತಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಕೂತಿದ್ದಾರೆ. ಅವರ ಕೆಳಗೂ ಬೆನ್ನ ಹಿಂದೂ ಹರಡಿಕೊಂಡಂತೆ ಇನ್ನೊಂದು ದಪ್ಪ ಚೀಲ. ಲೊರೇನ್ ಕಿಬಲ್ ಬಕೆಟ್ಟಿನಲ್ಲಿ ಎರಡು ದ್ರಾವಣಗಳನ್ನು ಗರಗರ ತಿರುವಿ, ಹತ್ತು ಎಣಿಸುವುದರೊಳಗೆ ಆ ಚೀಲದ ಬಾಯಿಗೆ ಸುರಿಯುತ್ತಾರೆ.

“ನೆಟ್ಟಗೆ ಕೂರು ಉದ್ದಣ್ಣ. ಉಸಿರಾಡು, ಆದ್ರೆ ಅಲ್ಲಾಡಬೇಡ.”

“ಲೊರೇನ್, ಬಿಸಿ ಆಗ್ತಾ ಇದೆ!”

“ಆಗ್ಲಿ ಬಿಡು. ಚಳೀಲಿ ಬಂದಿದ್ದೀಯ, ಕಾಯಿಸ್ಕೊ.”

“ಅಯ್ಯೋ, ಎಲ್ಲೆಲ್ಲಿಗೋ ಹೋಗ್ತಾ ಇದೆ ಕಣಮ್ಮಾ ಇದು!”

“ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಗ್ತಾ ಇದೆ. ಈಗೇನಾದ್ರೂ ಬೆನ್ನು ಕುಗ್ಗಿಸಿದ್ಯೋ, ಕಾರಿರೋ ತನಕ ಕುಗ್ಗಿಕೊಂಡೇ ಕೂರ್ಬೇಕು ನೋಡು.”

ಚೀಲದೊಳಗಿನ ನೊರೆ ಹುದುಗು ಬಂದ ಹಿಟ್ಟಿನಂತೆ ಉಬ್ಬಿ, ಟ್ರೆವರ್ ಅವರ ಬೆನ್ನು, ಸೊಂಟ, ತೊಡೆಗಳ ಸಂದುಗೊಂದುಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅಷ್ಟು ಹೊತ್ತೂ ಲೊರೇನ್ ಅವರ ಗಂಡ ಡೆರೆಕ್ ಒಂದು ಪೊರಕೆ ಕೋಲನ್ನು ಕಾರಿನ ಹಿಂದಿನ ಉಕ್ಕಿನ ಕಮಾನಿನಿಂದ ಮುಂದಿನ ಬಾನೆಟ್ಟಿನವರೆಗೆ ಓರೆಯಾಗಿ ಇಟ್ಟು ಹಿಡಿದುಕೊಂಡಿರುತ್ತಾರೆ. ಕಾರು ಮಗುಚಿದರೆ ನೆಲಕ್ಕೆ ಮೊದಲು ತಾಗಬೇಕಾದದ್ದು ಆ ಕಮಾನು, ತಲೆಯಲ್ಲ. ಹೆಲ್ಮೆಟ್ಟಿಗೂ ಕೋಲಿಗೂ ನಡುವೆ ಒಂದೂವರೆ ಬೆರಳು ಜಾಗ ಇದೆ. ಲೊರೇನ್ ಬಗ್ಗಿ ತಮ್ಮ ಬೆರಳಿನಿಂದಲೇ ಅಳೆದು ನೋಡಿ, ಚಹಾ ಕಾಯಿಸಲು ಹೋಗುತ್ತಾರೆ.

ಇಪ್ಪತ್ತೆರಡು ವರ್ಷಗಳಲ್ಲಿ ಮುನ್ನೂರ ಹನ್ನೆರಡು ಜನರನ್ನು ಹೀಗೆ ಕೂರಿಸಿದ್ದಾರೆ ಈ ಹೆಂಗಸು. ಅವರ ಹೆಸರು ಯಾವ ಕಾರು ಕ್ಲಬ್ಬಿನ ಪತ್ರಿಕೆಯಲ್ಲೂ ಒಂದು ಸಾಲಾಗಿ ಬಂದಿಲ್ಲ. ಎಂಜಿನ್ನಿಗೆ ಬಹುಮಾನ, ಬಣ್ಣಕ್ಕೆ ಬಹುಮಾನ, ಹೊಗೆ ಕೊಳವೆಯ ಹೊಳಪಿಗೂ ಒಂದು ಬೆಳ್ಳಿ ಬಟ್ಟಲು ಇಟ್ಟಿದ್ದಾರೆ ಮಹಾನುಭಾವರು. ಒಳಗೊಬ್ಬ ಮನುಷ್ಯ ಕೂತಿದ್ದಾನಲ್ಲ, ಅವನು ಹೇಗೆ ಕೂತಿದ್ದಾನೆ ಅಂತ ಕೇಳುವವರಿಲ್ಲ. ನನಗೆ ಮೈ ಉರಿಯುತ್ತದೆ. ಈ ಲೇಖನ ಬರೆಯಲು ಕೂತದ್ದೂ ಆ ಉರಿಗೇ.

ನಮ್ಮ ಕಡೆ ಕಾರನ್ನು ತಾವೇ ಕಟ್ಟಿಕೊಳ್ಳುವ ಈ ಹುಚ್ಚು ಮನೆಮನೆಯಲ್ಲೂ ಇದೆ. ಕಾರಿನ ಬಿಡಿಭಾಗಗಳು ಡಬ್ಬಗಳಲ್ಲಿ ಬರುತ್ತವೆ. ಗಂಡಸರು ಮನೆಯ ಪಕ್ಕದ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ಜೋಡಿಸುತ್ತಾರೆ. ಮೊದಲ ದಿನ ಬರುವುದು ಬರೀ ಉಕ್ಕಿನ ಕೊಳವೆಗಳ ಹಂದರ. ಅದು ಲಾರಿಯಿಂದ ಇಳಿದ ಕೂಡಲೇ ಒಂದು ಶಾಸ್ತ್ರ ನಡೆಯಲೇಬೇಕು. ಸೋಫಾದ ಮೇಲಿನ ದಿಂಬು ತಂದು ಹಂದರದ ನಡುವೆ ನೆಲದ ಮೇಲೆ ಹಾಕಿ, ಮಾಲೀಕ ಅದರ ಮೇಲೆ ಕೂತು, ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಬಾಯಲ್ಲಿ ‘ಬ್ರೂಂ ಬ್ರೂಂ’ ಅನ್ನುತ್ತಾನೆ. ಹೆಂಡತಿ ಫೋಟೋ ತೆಗೆಯುತ್ತಾಳೆ. ಐವತ್ತು ದಾಟಿದ ಬ್ಯಾಂಕ್ ಮ್ಯಾನೇಜರುಗಳು, ಪಾದ್ರಿಗಳು, ಹಲ್ಲಿನ ಡಾಕ್ಟರುಗಳು, ಎಲ್ಲರ ಮನೆಯಲ್ಲೂ ಆ ಫೋಟೋ ಇದೆ. ಅನಾಹುತ ಶುರುವಾಗುವುದು ಅಲ್ಲೇ. ಆ ದಿನ ಕಾರಿಗೆ ತಳವಿಲ್ಲ, ಸೀಟಿಲ್ಲ, ಪೆಡಲ್ ಇಲ್ಲ, ಮುಂದೆ ಗಾಜಿಲ್ಲ. ಆನೆಯನ್ನು ತಂದು ಕೂರಿಸಿದರೂ ಹಿಡಿಸುತ್ತದೆ. ‘ಆಹಾ, ಸರಿಯಾಗಿ ಹಿಡಿಸಿದೆ’ ಅಂದುಕೊಂಡು ಎಂಜಿನ್ ಕೆಲಸಕ್ಕೆ ಇಳಿಯುತ್ತಾರೆ. ಸೀಟಿನ ಡಬ್ಬ ಎಲ್ಲಕ್ಕಿಂತ ಕೊನೆಗೆ ಬಿಚ್ಚುವಂಥದ್ದು.

ಟ್ರೆವರ್ ಅದನ್ನು ಬಿಚ್ಚಿದ್ದು ಐದು ವರ್ಷಗಳ ನಂತರ.

ಅವರು ನಮ್ಮ ಬೀದಿಯ ಪೋಸ್ಟ್‌ಮನ್. ಈ ಊರಿನ ಹಳೆಯ ಮನೆಗಳಲ್ಲಿ ಕಾಗದ ಹಾಕುವ ಕಿಂಡಿ ಬಾಗಿಲಿನ ತಳದಲ್ಲಿರುತ್ತದೆ, ಮೊಣಕಾಲಿಗಿಂತ ಕೆಳಗೆ. ಯಾವ ಪುಣ್ಯಾತ್ಮ ಯೋಚಿಸಿ ಅಲ್ಲಿಟ್ಟನೋ. ಮೂವತ್ತೊಂದು ವರ್ಷ ದಿನಕ್ಕೆ ಐನೂರು ಬಾಗಿಲಿಗೆ ಬಗ್ಗಿ ಎದ್ದ ಮನುಷ್ಯ ಟ್ರೆವರ್. ಜೊತೆಗೆ ಬಸ್ಸಿನಲ್ಲಿ ಬಗ್ಗಬೇಕು, ಪಬ್ಬಿನ ಬಾಗಿಲಲ್ಲಿ ಬಗ್ಗಬೇಕು, ಮದುವೆಯ ಫೋಟೋದಲ್ಲಿ ಬಗ್ಗಬೇಕು. ಅವರು ಒಮ್ಮೆ ನನ್ನ ಬಾಗಿಲಲ್ಲಿ ನಿಂತು ಹೇಳಿದ್ದರು: “ನಂಗೆ ಬೇರೇನೂ ಬೇಡ ಅಕ್ಕಾ. ಭಾನುವಾರ ಒಂದಿನ, ಮೇಲೆ ಸೂರು ಇಲ್ದೇ ಇರೋ ಕಡೆ ನೆಟ್ಟಗೆ ಕೂತ್ಕೋಬೇಕು. ಅದಕ್ಕೇ ಈ ಕಾರು.”

ಐದು ವರ್ಷದ ಕೆಲಸ ಮುಗಿದು, ಕಂಪನಿಯ ಸೀಟು ಕೂರಿಸಿ, ಟ್ರೆವರ್ ಒಳಗಿಳಿದರೆ ಮೊಣಕಾಲುಗಳು ಸ್ಟೀರಿಂಗಿನ ಎರಡೂ ಪಕ್ಕಕ್ಕೆ ಕಪ್ಪೆಯಂತೆ ಎದ್ದು ನಿಂತವು. ಎಡಕ್ಕೆ ತಿರುಗಿಸಿದರೆ ಎಡ ಮೊಣಕಾಲು, ಬಲಕ್ಕೆ ತಿರುಗಿಸಿದರೆ ಬಲ ಮೊಣಕಾಲು. ಬೂಟು ಒಂದೇ ಸಲಕ್ಕೆ ಎರಡು ಪೆಡಲ್ ಒತ್ತುತ್ತಿತ್ತು. ಮುಂದಿನ ಗಾಜಿನ ಚೌಕಟ್ಟು ಕಣ್ಣಿಗೆ ನೇರ ಅಡ್ಡ. ಹೆಲ್ಮೆಟ್ ಹಾಕಿದರೆ ತಲೆ ಉಕ್ಕಿನ ಕಮಾನಿಗಿಂತ ಮೂರಂಗುಲ ಮೇಲೆ. ಅವರು ಅಲ್ಲೇ ಕೂತು ಅತ್ತರಂತೆ. ಅದನ್ನು ಹೇಳುವಾಗ ನಾಚಿಕೊಳ್ಳುವುದಿಲ್ಲ.

ಈ ಬಿಡಿಭಾಗಗಳ ಕಿಟ್ ಮಾರಿದ್ದು ವ್ಯಾಗ್‌ಟೇಲ್ ಮೋಟರ್ಸ್ ಎಂಬ ಕಂಪನಿ. ‘ಆರಡಿ ನಾಲ್ಕಂಗುಲದವರೆಗೆ ಎಲ್ಲರಿಗೂ ಆರಾಮ’ ಎಂದು ಅವರ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿದೆ. ಒಂದಂಗುಲ ಹೆಚ್ಚಾದರೆ ಏನು ಮಹಾ ಎಂದು ಟ್ರೆವರ್ ಕೊಂಡಿದ್ದರು. ಕಾಗದ ಬರೆದು ಕೇಳಿದರೆ ಬಂದ ಉತ್ತರ ನನ್ನ ಮುಂದಿದೆ: ‘ತಮ್ಮ ದೇಹದ ಅಳತೆ ನಮ್ಮ ವಿನ್ಯಾಸದ ಮಿತಿಯಿಂದಾಚೆಗಿದೆ. ಸೀಟಿನಲ್ಲಿ ಕೊಂಚ ಕೆಳಕ್ಕೆ ಜಾರಿ ಕೂರುವುದನ್ನು ಅಭ್ಯಾಸ ಮಾಡಿಕೊಳ್ಳಬಹುದು.’ ಕಾರು ತಪ್ಪಲ್ಲವಂತೆ, ಮನುಷ್ಯ ತಪ್ಪಂತೆ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಗಾದೆಯಿದೆ, ಒಪ್ಪೋಣ. ಆದರೆ ಹಾಸಿಗೆ ಮಾರುವವನೇ ಉದ್ದ ಸುಳ್ಳು ಹೇಳಿದರೆ ಅದಕ್ಕೆ ಯಾವ ಗಾದೆ?

ಇಂಥ ಕಾರು ಕಟ್ಟಿದವರದೇ ಒಂದು ಕ್ಲಬ್ಬಿದೆ, ಅಲ್ಲಿಯವರೂ ಅದೇ ಉಪದೇಶ ಮಾಡಿದರು. ಪ್ರತಿ ಕೂಟದಲ್ಲೂ ಟ್ರ್ಯಾಕಿಗೆ ಇಳಿಯುವ ಮೊದಲು, ತಲೆ ಕಮಾನಿಗಿಂತ ಕೆಳಗಿದೆಯೇ ಎಂದು ನೋಡುವ ಕೋಲಿನ ಪರೀಕ್ಷೆ ಇರುತ್ತದೆ. ಎತ್ತರದವರು ಏನು ಮಾಡುತ್ತಾರೆ ಗೊತ್ತೆ? ಕೋಲು ಬರುವ ಹೊತ್ತಿಗೆ ಬೆನ್ನು ಬಗ್ಗಿಸಿ, ಗದ್ದ ಎದೆಗೆ ಒತ್ತಿ, ಒಳ್ಳೆಯ ಹುಡುಗರಂತೆ ಕೆಳಗೆ ಜಾರುತ್ತಾರೆ. ಕೋಲು ಪಾಸ್. ಪರೀಕ್ಷೆ ಮಾಡುವವನು ಕಣ್ಣು ಮಿಟುಕಿಸುತ್ತಾನೆ. ಟ್ರ್ಯಾಕಿಗೆ ಹೋದ ಮೇಲೆ ದಾರಿ ಕಾಣಬೇಕಲ್ಲ, ಮತ್ತೆ ಎದ್ದು ಕೂರುತ್ತಾರೆ. ಎಲ್ಲರಿಗೂ ಗೊತ್ತಿರುವ ಮೋಸ, ಎಲ್ಲರೂ ನಗುವ ಮೋಸ.

ಲೊರೇನ್ ಮಾತ್ರ ನಗುವುದಿಲ್ಲ.

ಅವರಿಗೀಗ ಅರವತ್ತೊಂದು. ಹದಿನೇಳಕ್ಕೆ ಬಸ್ಸಿನ ಸೀಟು ಹೊಲಿಯುವ ಕಾರ್ಖಾನೆ ಸೇರಿದವರು. ದಿನಕ್ಕೆ ಮೂವತ್ತು ಸೀಟು. ಬೆರಳ ತುದಿಗಳೆಲ್ಲ ಇವತ್ತಿಗೂ ಮರದಂತೆ ಗಟ್ಟಿ. ಡೆರೆಕ್ ಹೆಂಚು ಹೊದಿಸುವ ಕೆಲಸದವರು, ಆರಡಿ ನಾಲ್ಕಂಗುಲ, ಸೂರಿನ ಮೇಲೆ ಬೆಕ್ಕಿನಂತೆ ಓಡಾಡುತ್ತಿದ್ದ ಆಳು. ಅವರೂ ಇಂಥದೊಂದು ಕಾರು ಕಟ್ಟಿಕೊಂಡಿದ್ದರು. ನಲವತ್ತನೆಯ ಹುಟ್ಟುಹಬ್ಬಕ್ಕೆ ಲೊರೇನ್ ತಾವೇ ಒಂದು ಸೀಟು ಹೊಲಿದುಕೊಟ್ಟರು. ಬಸ್ಸಿನ ಸೀಟು ಹೊಲಿದ ಕೈಯಲ್ಲವೇ, ಮೆತ್ತಗಿದ್ದರೆ ಆರಾಮ ಅಂತ ಎರಡಂಗುಲ ಹೆಚ್ಚು ಸ್ಪಂಜು ತುಂಬಿದರು.

“ಕೂತ್ಕೊಂಡು ‘ರಾಣಿ ಸಿಂಹಾಸನ ಕಣೆ’ ಅಂದಿದ್ದ,” ಎನ್ನುತ್ತಾರೆ ಲೊರೇನ್. ಮಾತಾಡುವಾಗ ಕತ್ತರಿ ನಿಲ್ಲುವುದಿಲ್ಲ. “ಕೋಲಿನ ಹತ್ರ ಕುಗ್ಗಿದ, ಪಾಸ್ ಆದ. ಮೂರನೇ ಸುತ್ತಲ್ಲಿ, ನಿಧಾನದ ತಿರುವು, ಅಂಥ ವೇಗ ಏನಿಲ್ಲ, ಹುಲ್ಲಿನ ಮೇಲೆ ಮಗುಚ್ತು. ನಾನು ಬೇಲಿ ಪಕ್ಕ ಐಸ್‌ಕ್ರೀಮ್ ಹಿಡ್ಕೊಂಡು ನಿಂತಿದ್ದೆ. ಎಲ್ಲರೂ ದುರದೃಷ್ಟ ಅಂದ್ರು. ಮಾರನೇ ದಿನ ಆ ಸೀಟು ಬಿಚ್ಚಿ ಅಳೆದು ನೋಡ್ದೆ. ದುರದೃಷ್ಟ ಎರಡಂಗುಲ ಇತ್ತು. ನಾನೇ ಹೊಲಿದದ್ದು.”

ಡೆರೆಕ್ ಬದುಕಿದರು. ಕತ್ತಿನ ಮೂಳೆಗಳನ್ನು ಆಸ್ಪತ್ರೆಯಲ್ಲಿ ಕಂಬಿ ಹಾಕಿ ಕೂಡಿಸಿದರು. ಅಂದಿನಿಂದ ಕತ್ತು ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮನುಷ್ಯನೇ ತಿರುಗಬೇಕು. ಹೆಂಚಿನ ಕೆಲಸ ಅಂದಿಗೇ ಮುಗಿಯಿತು. ಕ್ಲಬ್ಬಿನವರು ಒಂದು ಬುಟ್ಟಿ ಹಣ್ಣು ಕಳಿಸಿದರು. ಅದರ ಮುಂದಿನ ತಿಂಗಳು ಮತ್ತೆ ಕೋಲಿನ ಹತ್ತಿರ ಎಲ್ಲರೂ ಕುಗ್ಗಿದರು. ನಾಚಿಕೆಗೆಟ್ಟವರು.

ನಲವತ್ತರ ಹತ್ತಿರದಲ್ಲಿ ಲೊರೇನ್ ಸಂಜೆ ತರಗತಿಗೆ ಸೇರಿ ಬೆಸುಗೆ ಕಲಿತರು. ಹದಿನಾಲ್ಕು ಗಂಡಸರ ನಡುವೆ ಒಬ್ಬರೇ ಹೆಂಗಸು. “ಕಿವಿಯೋಲೆ ಮಾಡೋಕೆ ಬಂದ್ಯಾ ಅಮ್ಮಣ್ಣಿ?” ಅಂತ ಕೇಳಿದವನಿಗೆ, “ಇಲ್ಲ ಕಂದ, ನಿನ್ನಂಥವರ ಬಾಯಿಗೆ ಬೆಸುಗೆ ಹಾಕೋಕೆ,” ಅಂದರಂತೆ. ಸೀಟು ತೆಳ್ಳಗೆ ಮಾಡಿದರಷ್ಟೇ ಸಾಲದು, ಕಾರಿನ ತಳವನ್ನೇ ಇಳಿಸಬೇಕು ಅನ್ನುವುದು ಅವರಿಗೆ ಅಷ್ಟರಲ್ಲಿ ಹೊಳೆದಿತ್ತು. ಉಕ್ಕಿನ ಹಂದರದ ಎರಡು ಕೊಳವೆಗಳ ನಡುವೆ, ಸೀಟಿರುವಲ್ಲಿ ಮಾತ್ರ, ತಳದ ತಗಡನ್ನು ಕತ್ತರಿಸಿ, ಎರಡಂಗುಲ ಆಳದ ತಟ್ಟೆಯೊಂದನ್ನು ಬೆಸೆಯುತ್ತಾರೆ. ಮನುಷ್ಯ ಆ ತಟ್ಟೆಯಲ್ಲಿ ಕೂರುತ್ತಾನೆ. ಹಿಂದೆ ಮುಂದೆ ಸರಿಯುವ ಹಳಿಗಳನ್ನು ಕಿತ್ತೆಸೆಯುತ್ತಾರೆ, ಅಲ್ಲಿ ಇನ್ನೊಂದಂಗುಲ. ಬೆನ್ನಿನ ಕೋನ ನಾಲ್ಕು ಡಿಗ್ರಿ ಹಿಂದಕ್ಕೆ. ಪೆಡಲ್‌ಗಳನ್ನು ಮುಂದಕ್ಕೆ ದೂಡಿ, ನಡುವೆ ಅಂತರ ಬಿಟ್ಟು ಬೆಸೆಯುತ್ತಾರೆ. ಸ್ಟೀರಿಂಗ್ ಚಿಕ್ಕದು, ಕೈಯಿಂದಲೇ ಕಳಚುವಂಥದ್ದು. ಸ್ಪಂಜು ಎಷ್ಟು ಅಂದರೆ ಅರ್ಧ ಅಂಗುಲ, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. ಆರಾಮ ಬರುವುದು ಮೆತ್ತೆಯಿಂದಲ್ಲ, ಮೈಗೆ ಸರಿಯಾಗಿ ಒಪ್ಪುವ ಅಚ್ಚಿನಿಂದ ಎನ್ನುವುದು ಅವರು ಡೆರೆಕ್ ಕತ್ತಿನಿಂದ ಕಲಿತ ಪಾಠ.

ದಿನಚರಿ ಹೀಗೆ: ಐದಕ್ಕೆ ಎದ್ದು ಷೆಡ್ಡಿನ ಒಲೆ ಹಚ್ಚುವುದು, ಏಕೆಂದರೆ ಚಳಿಯಲ್ಲಿ ನೊರೆ ಉಬ್ಬುವುದಿಲ್ಲ. ಏಳರವರೆಗೆ ಅಚ್ಚು. ಎಂಟಕ್ಕೆ ಬೇಕನ್ ಇಟ್ಟ ಬನ್ನು, ಡೆರೆಕ್ ಮಾಡಿದ್ದು. ಮಧ್ಯಾಹ್ನದವರೆಗೆ ಬೆಸುಗೆ, ಆಮೇಲೆ ಹೊಲಿಗೆ. ಒಬ್ಬ ಮನುಷ್ಯನನ್ನು ಕೂರಿಸಲು ಹನ್ನೊಂದು ದಿನ. ದಿನಕ್ಕೆ ಒಂಬತ್ತು ಲೋಟ ಚಹಾ. ವರ್ಷಕ್ಕೆ ಹದಿನಾಲ್ಕೋ ಹದಿನೈದೋ ಜನ, ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ.

ಷೆಡ್ಡಿನ ಬಾಗಿಲ ಪಕ್ಕದ ಗೋಡೆ ಪೂರ್ತಿ ಪೆನ್ಸಿಲ್ ಗೀಟುಗಳು. ಬಂದವರನ್ನು ನೆಲಕ್ಕೆ ಕೂರಿಸಿ, ಬೆನ್ನು ಗೋಡೆಗೆ ಒತ್ತಿಸಿ, ತಲೆಯ ಮೇಲೆ ಮರದ ಹಲಗೆಯಿಟ್ಟು ಗೀಟು ಹಾಕುತ್ತಾರೆ. ಪಕ್ಕದಲ್ಲಿ ಹೆಸರು. ನಾನು ಒಮ್ಮೆ ದಿಟ್ಟಿಸಿ ನೋಡಿ ಬೆರಗಾದೆ. ಟ್ರೆವರ್ ಗೀಟು ಒಬ್ಬ ಬೇಕರಿಯವನ ಗೀಟಿಗಿಂತ ಕೆಳಗಿದೆ, ಬೇಕರಿಯವನು ನಿಂತರೆ ಬರೀ ಆರಡಿ.

“ಟ್ರೆವರ್‌ದು ಕಾಲೇ ಎಲ್ಲ,” ಎಂದು ಲೊರೇನ್ ಬಿಡಿಸಿ ಹೇಳುತ್ತಾರೆ. “ಆ ಬೇಕರಿಯವನಿಗೆ ಕಾಲು ಬಾತುಕೋಳಿ ಥರ, ಮೇಲೆ ಇಷ್ಟುದ್ದ ಮುಂಡ. ನಿಂತಾಗ ಯಾರು ಎಷ್ಟು ಎತ್ತರ ಅನ್ನೋದು ದರ್ಜಿಗೆ ಬೇಕು. ನಂಗ್ಯಾಕೆ? ಕಾರಲ್ಲಿ ಯಾರೂ ನಿಂತ್ಕೊಂಡು ಹೋಗಲ್ವಲ್ಲ.”

ಮೇ ತಿಂಗಳ ಎರಡನೆಯ ಭಾನುವಾರ ಕ್ಲಬ್ಬಿನ ವಸಂತ ಕೂಟ. ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ನೂರೈವತ್ತು ಕಾರು, ಹಂದಿಮಾಂಸದ ಕಡುಬು, ತಗಡಿನ ಧ್ವನಿವರ್ಧಕ. ಟ್ರೆವರ್ ತಮ್ಮ ಹಸಿರು ಕಾರನ್ನು ಸಾಲಿಗೆ ತಂದು ನಿಲ್ಲಿಸಿದರು. ಹಿಂದಿನ ಎರಡು ಕೂಟಗಳಲ್ಲಿ, ಕುಗ್ಗಲು ಒಪ್ಪದೆ, ಕೋಲಿಗೆ ತಲೆ ತಾಗಿಸಿಕೊಂಡು ವಾಪಸ್ಸು ಹೋಗಿದ್ದವರು. ಈ ಸಲವೂ ಆಗದಿದ್ದರೆ ಕಾರು ಮಾರಿಬಿಡುತ್ತೇನೆ ಅಂತ ನನಗೆ ಬಾಗಿಲಲ್ಲೇ ಹೇಳಿದ್ದರು. ಸುತ್ತ ಜನ ಸೇರಿದರು.

“ಟ್ರೆವ್, ಸ್ವಲ್ಪ ಜಾರೋ ಮಾರಾಯ, ಯಾರೂ ನೋಡಲ್ಲ!”

“ಕಾಲು ಕತ್ತರಿಸ್ಕೊಂಡು ಬಾ, ಸರಿಹೋಗುತ್ತೆ!”

“ಕತ್ತರಿಸಿದ ಕಾಲನ್ನ ನಿಮ್ಮ ಬಾಗಿಲ ಕಿಂಡೀಲಿ ತುರುಕ್ತೀನಿ ಇರು,” ಎಂದರು ಟ್ರೆವರ್.

ಪರೀಕ್ಷೆಯವನು ಕೋಲು ಇಟ್ಟ. ಟ್ರೆವರ್ ಕಂಬದಂತೆ ನೆಟ್ಟಗೆ ಕೂತಿದ್ದರು, ಗದ್ದ ಮೇಲೆ, ಎರಡೂ ಕೈ ಸ್ಟೀರಿಂಗಿನ ಮೇಲೆ. ಕೋಲು ತಾಗಲಿಲ್ಲ. ಅವನು ನಂಬದೆ ಇನ್ನೊಂದು ಸಲ ಇಟ್ಟು, ಬಗ್ಗಿ ನೋಡಿ, “ಎದ್ದು ಕೂರಪ್ಪ, ಜಾರಿದ್ದೀಯ,” ಅಂದ. “ಇದಕ್ಕಿಂತ ಎದ್ದರೆ ಹಾರಿಹೋಗ್ತೀನಿ,” ಅಂದರು ಟ್ರೆವರ್. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅವರು ಎಂಟು ಸುತ್ತು ಹಾಕಿ ಬಂದು ಹೆಲ್ಮೆಟ್ ತೆಗೆದಾಗ ಅದರ ಮೇಲೆ ಒಂದು ನೊಣದ ಗುರುತೂ ಇರಲಿಲ್ಲ, ತಲೆ ಅಷ್ಟು ಹೊತ್ತೂ ಮುಂದಿನ ಗಾಜಿನ ಮರೆಯಲ್ಲೇ ಇತ್ತು.

ಆಗ ಧ್ವನಿವರ್ಧಕ ಕೂಗಿತು: “ಆರಡಿ ಐದಂಗುಲ! ವ್ಯಾಗ್‌ಟೇಲ್ ಮೋಟರ್ಸ್ ವಿನ್ಯಾಸದ ಚಮತ್ಕಾರ ನೋಡಿ ಗೆಳೆಯರೇ!”

ಯಾವ ವಿನ್ಯಾಸ? ಯಾರ ಚಮತ್ಕಾರ? ಜಾರಿ ಕೂರು ಅಂತ ಕಾಗದ ಬರೆದವರ ಚಮತ್ಕಾರವೇ? ಹತ್ತು ಗಜ ದೂರದಲ್ಲಿ ಬೆಸುಗೆಯ ಕಲೆಗಳಿರುವ ಕೋಟು ತೊಟ್ಟು ಲೊರೇನ್ ನಿಂತಿದ್ದರು. ಒಬ್ಬರೂ ಅವರತ್ತ ತಿರುಗಲಿಲ್ಲ. ಡೆರೆಕ್ ತಿರುಗಿದರು, ಇಡೀ ಮೈ ತಿರುಗಿಸಿ. ಅವರ ಮುಖ ಕೆಂಪಾಗಿತ್ತು.

ಸ್ವಲ್ಪ ಹೊತ್ತಿಗೆ ವ್ಯಾಗ್‌ಟೇಲ್ ಕಂಪನಿಯ ಒಡೆಯ ರೂಪರ್ಟ್ ಲೇಸಿ ನಗುನಗುತ್ತ ಬಂದ. ಕಾರಿನ ತಳಕ್ಕೆ ಬಗ್ಗಿ ತಟ್ಟೆ ನೋಡಿದ, ಸೀಟು ಒತ್ತಿ ನೋಡಿದ. ಇದು ಯಾರ ಕೈಕೆಲಸ ಅಂತ ಆತನಿಗೆ ಮೊದಲೇ ಗೊತ್ತಿತ್ತು. ಕೋಟಿನ ಜೇಬಿನಲ್ಲಿ ಕಾಗದ ಸಿದ್ಧವಾಗಿತ್ತು.

“ಲೊರೇನ್, ಇಷ್ಟು ವರ್ಷ ನಿಮ್ಮ ಹೆಸರು ಎಲ್ಲೂ ಬಂದಿಲ್ಲ. ಅದು ಅನ್ಯಾಯ, ನಾನೂ ಒಪ್ತೀನಿ,” ಎಂದು ಶುರು ಮಾಡಿದ. “ಮುಂದಿನ ಪುಸ್ತಿಕೆಯಲ್ಲಿ ‘ಕಿಬಲ್ ಸೀಟು’ ಅಂತಲೇ ಹಾಕ್ತೀವಿ. ನಿಮ್ಮ ಫೋಟೋ, ಅರ್ಧ ಪುಟ. ಸೀಟಿನ ಬೆನ್ನ ಮೇಲೆ ಹಿತ್ತಾಳೆ ಬಿಲ್ಲೆ, ಅದರಲ್ಲಿ ನಿಮ್ಮ ಹೆಸರು. ಟ್ರೆವರ್ ಸೀಟಿನ ಅಚ್ಚು ತೆಗೆದು ಕಾರ್ಖಾನೇಲಿ ಸಾವಿರ ಮಾಡಿಸ್ತೀವಿ. ನೀವು ಒಂದು ಸಹಿ ಹಾಕಿದ್ರೆ ಸಾಕು.”

ಲೊರೇನ್ ಕನ್ನಡಕ ಏರಿಸಿಕೊಂಡು ಓದಿದರು. ಬಿಲ್ಲೆಯ ಸಾಲನ್ನು ಎರಡು ಸಲ ಓದಿದರು. ಹದಿನೇಳರಿಂದ ಹೊಲಿದ ಹೆಂಗಸು, ಒಂದು ಸೀಟಿನ ಮೇಲೂ ತಮ್ಮ ಹೆಸರು ಕಂಡವರಲ್ಲ. ಬೇಕಿರಲಿಲ್ಲವೇ? ಖಂಡಿತ ಬೇಕಿತ್ತು. ಆಮೇಲೆ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದರು, ಹಿತ್ತಾಳೆ ಬಿಲ್ಲೆ ಅಂದಾಗ ಅದನ್ನು ಸೀಟಿನ ಮೇಲೆ ಎಲ್ಲಿ ಹೊಡೆಯಬೇಕು ಅಂತ ಮನಸ್ಸಿನಲ್ಲೇ ಅಳೆದುಬಿಟ್ಟರಂತೆ.

“ಇಲ್ಲಿ ‘ಆರಡಿ ಐದಂಗುಲದವರೆಗೆ ಎಲ್ಲರಿಗೂ ಹೊಂದುತ್ತದೆ ಎಂದು ನಾನು ದೃಢೀಕರಿಸುತ್ತೇನೆ’ ಅಂತಿದೆ,” ಎಂದರು ಲೊರೇನ್.

“ಹೌದು. ಟ್ರೆವರ್‌ಗೆ ಹೊಂದಿದೆಯಲ್ಲ.”

“ಹೊಂದದೆ ಏನಪ್ಪಾ, ಇದು ಟ್ರೆವರ್ ಕುಂಡೆ ಅಚ್ಚು. ಅವನದಕ್ಕೆ ಹೊಂದುತ್ತೆ. ಆರಡಿ ಇರೋ ಇನ್ನೊಬ್ಬನ್ನ ಇದ್ರಲ್ಲಿ ಕೂರಿಸಿದ್ರೆ ತಲೆ ಕಮಾನಿನ ಮೇಲೆ ಬರುತ್ತೆ. ನನ್ನ ಗೋಡೆ ಮೇಲೆ ಬೇಕಾದಷ್ಟು ಜನ ಇದ್ದಾರೆ, ಬಂದು ನೋಡಿ.”

“ಎಷ್ಟು ಬರುತ್ತೆ? ಅರ್ಧ ಅಂಗುಲ, ಒಂದಂಗುಲ. ಅಷ್ಟಕ್ಕೆ ಸ್ವಲ್ಪ ಜಾರ್ತಾರೆ ಬಿಡಿ. ಎಲ್ಲರೂ ಜಾರ್ತಾರೆ.”

ಡೆರೆಕ್ ಮುಂದೆ ಬಂದರು. ಕತ್ತು ತಿರುಗದ ಮನುಷ್ಯ ಎದುರಾಳಿಗೆ ಎದೆಯನ್ನೇ ತಿರುಗಿಸಿ ನಿಲ್ಲಬೇಕು, ಹಾಗೆ ನಿಂತರು. “ನಾನೂ ಜಾರಿದ್ದೆ ಸಾರ್,” ಎಂದರು. “ನಿಮ್ಮ ಕಡೆ ತಿರುಗಿ ನೋಡೋಕೂ ಆಗಲ್ಲ ಈಗ, ಇಡೀ ಮೈ ತರಬೇಕು. ಜಾರ್ತಾರೆ ಅಂತ ಅಷ್ಟು ಸಲೀಸಾಗಿ ಹೇಳ್ಬೇಡಿ.”

ಲೊರೇನ್ ಕಾಗದವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

“ಸಹಿ ಹಾಕ್ತೀನಿ,” ಎಂದರು. “ಈ ಸಾಲು ಹೊಡೆದುಹಾಕಿ. ಅದರ ಜಾಗದಲ್ಲಿ ‘ಕೊಳ್ಳುವ ಮೊದಲು ಹೆಲ್ಮೆಟ್ ಹಾಕಿಕೊಂಡು ನೆಟ್ಟಗೆ ಕೂತು ನೋಡಿ’ ಅಂತ ಬರೀರಿ. ಅಷ್ಟೇ. ನನ್ನ ಹೆಸರು ಬೇಕಾದ್ರೆ ಚಿಕ್ಕದಾಗಿ ಹಾಕಿ, ಇದನ್ನ ದೊಡ್ಡದಾಗಿ ಹಾಕಿ.”

ಆತ ನಕ್ಕುಬಿಟ್ಟ. “ಲೊರೇನ್, ಜನ ಡಬ್ಬ ಬಿಚ್ಚೋ ಮೊದಲೇ ಕೂತು ನೋಡಿದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ.”

ಈ ಮಾತನ್ನು ನಾನು ನನ್ನ ಎರಡು ಕಿವಿಯಾರೆ ಕೇಳಿದ್ದೇನೆ. ಓದುಗರೇ, ಇನ್ನೊಮ್ಮೆ ಓದಿಕೊಳ್ಳಿ. ಕೂತು ನೋಡಿದರೆ ಯಾರೂ ಕೊಳ್ಳುವುದಿಲ್ಲ ಅಂತ ಮಾರುವವನಿಗೇ ಗೊತ್ತು. ಗೊತ್ತಿದ್ದೇ ‘ಎಲ್ಲರಿಗೂ ಆರಾಮ’ ಎಂದು ಅಚ್ಚು ಹಾಕಿಸುತ್ತಾನೆ. ಐದು ವರ್ಷ ರಜೆಯ ದಿನಗಳನ್ನೆಲ್ಲ ಗ್ಯಾರೇಜಿನಲ್ಲಿ ಸುರಿದವನು ಕೊನೆಗೆ ಒಳಗಿಳಿದು ಅತ್ತರೆ ಅದು ಅವನ ಕಾಲಿನ ತಪ್ಪು. ಮಗುಚಿ ಕತ್ತು ಮುರಿದರೆ ಅದು ಅವನ ಅದೃಷ್ಟದ ತಪ್ಪು. ಈಗ ಆ ಸುಳ್ಳಿಗೆ ಒಂದು ಮರ್ಯಾದಸ್ಥ ಹೆಸರು ಬೇಕಾಗಿತ್ತು, ಅದಕ್ಕೆ ಹಿತ್ತಾಳೆ ಬಿಲ್ಲೆಯ ಆಸೆ ತೋರಿಸಿದ. ಇಂಥವರಿಗೆ ಏನನ್ನಬೇಕು? ನನ್ನ ನಾಲಿಗೆ ತುದಿಯಲ್ಲಿರುವ ಮಾತನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ.

ಲೊರೇನ್ ಬೈಯಲಿಲ್ಲ, ಕಾಗದ ಹರಿಯಲೂ ಇಲ್ಲ. ಮಡಿಕೆ ಕೆಡದಂತೆ ಮಡಚಿ ಆತನ ಕೈಗೆ ವಾಪಸ್ಸು ಕೊಟ್ಟರು. “ಕಡುಬು ತಣ್ಣಗಾಗುತ್ತೆ, ನಡೀರಿ,” ಎಂದು ನಮ್ಮನ್ನು ಕರೆದುಕೊಂಡು ಹೋದರು. ತಮ್ಮ ಪಾಲಿನದನ್ನು ಮಾತ್ರ ಮುಟ್ಟಲಿಲ್ಲ.

ಜುಲೈಯಲ್ಲಿ ಹೊಸ ಪುಸ್ತಿಕೆ ಬಂತು, ಟ್ರೆವರ್ ಅವರೇ ನನ್ನ ಬಾಗಿಲ ಕಿಂಡಿಗೆ ಬಗ್ಗಿ ಹಾಕಿಹೋದರು. ‘ಉದ್ದ ಕಾಲಿನವರ ಸೀಟು, ಆರಡಿ ಐದಂಗುಲದವರೆಗೆ ಎಲ್ಲರಿಗೂ ಆರಾಮ, ನಮ್ಮ ವಿನ್ಯಾಸ ತಂಡದ ಕೊಡುಗೆ.’ ಹಸಿರು ಕಾರಿನದೇ ಚಿತ್ರ. ಅಚ್ಚನ್ನು ಕಣ್ಣಳತೆಯಲ್ಲೇ ನಕಲು ಮಾಡಿ, ಬೇರೆ ಯಾರಿಂದಲೋ ಸಹಿ ಹಾಕಿಸಿಕೊಂಡಿದ್ದಾರೆ. ಲೊರೇನ್ ಹೆಸರಿಲ್ಲ, ಅವರು ಕೇಳಿದ ಒಂದು ಸಾಲೂ ಇಲ್ಲ. ನಾನು ಪುಸ್ತಿಕೆ ಹಿಡಿದುಕೊಂಡು ಉಸಿರು ಕಟ್ಟಿ ಷೆಡ್ಡಿಗೆ ಓಡಿದರೆ ಅವರು ಆಗಲೇ ನೋಡಿದ್ದರು. ಪುಸ್ತಿಕೆ ಬರುವ ಮೊದಲೇ ಆ ಸೀಟು ಕೊಂಡಿದ್ದ ಒಬ್ಬ ಶಾಲಾ ಮೇಷ್ಟ್ರು, ತಲೆ ಕಮಾನಿಗಿಂತ ಮೇಲೆ ಬರುತ್ತದೆ ಅಂತ ಅಂದೇ ಬೆಳಿಗ್ಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮುನ್ನೂರ ಹದಿನಾಲ್ಕನೆಯವರು.

“ಕೋರ್ಟಿಗೆ ಹೋಗೋಣ, ಪತ್ರಿಕೆಗೆ ಬರೆಯೋಣ, ಏನಾದರೂ ಮಾಡೋಣ,” ಎಂದೆ. “ನಿಮಗೆ ಸಿಟ್ಟೇ ಬರುವುದಿಲ್ಲವೇ?”

“ಬರುತ್ತೆ. ಸಿಟ್ಟಲ್ಲಿ ಹೊಲಿದ್ರೆ ಹೊಲಿಗೆ ಸೊಟ್ಟ ಆಗುತ್ತೆ ಕಣಮ್ಮ, ಅದಕ್ಕೆ ಇವತ್ತು ಬರೀ ಕತ್ತರಿಸೋ ಕೆಲಸ ಇಟ್ಕೊಂಡೆ.” ಅವರು ಮೇಷ್ಟ್ರ ತಲೆಯ ಮೇಲೆ ಹಲಗೆಯಿಟ್ಟು ಗೀಟು ಹಾಕಿದರು. “ನೀನು ಬರೀ. ಆದ್ರೆ ನನ್ನ ಬಗ್ಗೆ ಹೊಗಳಿ ಬರೀಬೇಡ. ಆ ಸಾಲು ಬರೀ. ಕೂತು ನೋಡಿ ಕೊಳ್ಳಿ ಅಂತ.”

ಬರೆದಿದ್ದೇನೆ, ಮೇಲೆಯೂ ಬರೆದಿದ್ದೇನೆ, ಇಲ್ಲೂ ಬರೆಯುತ್ತೇನೆ: ಕೊಳ್ಳುವ ಮೊದಲು ಹೆಲ್ಮೆಟ್ ಹಾಕಿಕೊಂಡು ನೆಟ್ಟಗೆ ಕೂತು ನೋಡಿ.

ಆದರೂ ಮನಸ್ಸು ತಡೆಯದೆ ಕೇಳಿಯೇಬಿಟ್ಟೆ, ಅವತ್ತು ಸಹಿ ಹಾಕಿದ್ದರೆ ಸಾವಿರ ಕಾರಿನಲ್ಲಿ ನಿಮ್ಮ ಹೆಸರು ಇರುತ್ತಿತ್ತಲ್ಲ, ಒಂದಿಷ್ಟೂ ಬೇಸರವಿಲ್ಲವೇ ಎಂದು. ಷೆಡ್ಡಿನ ಆ ತುದಿಯಲ್ಲಿ ಡೆರೆಕ್ ಬೇಕನ್ ಮಗುಚುತ್ತಿದ್ದರು. ಲೊರೇನ್ ಗಂಡನ ಬೆನ್ನನ್ನು ಒಂದು ಗಳಿಗೆ ನೋಡಿದರು.

“ನನ್ನ ಹೆಸರಲ್ಲಿ ಒಂದು ಕತ್ತು ಆಗ್ಲೇ ಇದೆ,” ಎಂದರು. “ಇನ್ನೊಂದು ಬೇಡ.”